ಪೌರುಷದ ಅಳತೆಗೋಲು: ಒಂದು ಐತಿಹಾಸಿಕ ವಿವೇಚನೆ

ಕನ್ನಡದಲ್ಲಿ 'ಗಂಡು' ಎಂಬ ಪದಕ್ಕೆ ಎರಡು ಅರ್ಥಗಳುಂಟು. ಒಂದು ಪುರುಷಜಾತಿಯನ್ನು ಸೂಚಿಸುವ ಅರ್ಥ. ಇನ್ನೊಂದು ಶೌರ್ಯ, ಸಾಮರ್ಥ್ಯ ಎಂಬ ಅರ್ಥ. ನಮ್ಮ ಶಾಸನಗಳ ಬಿರುದಾವಳಿಗಳಲ್ಲಿ 'ಗಂಡ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ವಿಜಯನಗರದ ಅರಸರು 'ಮೂರುರಾಯರ ಗಂಡ'ರೆನಿಸಿಕೊಂಡರು. ಉತ್ತರ ಕರ್ನಾಟಕವನ್ನು ನಾವು ಇಂದಿಗೂ 'ಗಂಡುಮೆಟ್ಟಿನ ನಾಡು' ಎಂದು ಹೆಮ್ಮೆಯಿಂದ ಕರೆಯುತ್ತೇವೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆಯ ಸೇನೆ ಸೋತು, ಅವನೂ ಹತನಾದನಷ್ಟೆ. ಸೆರೆಸಿಕ್ಕ ಇಂಗ್ಲಿಷ್ ಅಧಿಕಾರಿಗಳನ್ನು ಹಿಂಸಿಸದೆ ಕಾಪಾಡಿದ ಔದಾರ್ಯವೂ ರಾಣಿ ಚೆನ್ನಮ್ಮನದೇ. ಆದರೆ ಆ ವೀರಮಾತೆಯನ್ನು ಹೊಗಳುವಾಗಲೂ ನಮ್ಮ ನಾಲಗೆಗೆ ಬರುವುದು 'ಗಂಡೆದೆಯ ಹೆಣ್ಣು' ಎಂಬ ಮಾತು. ಆಕೆಯ ಧೈರ್ಯ ಆಕೆಯದೇ ಎಂದು ಹೇಳಲು ಭಾಷೆ ಹಿಂಜರಿಯುತ್ತದೆ. ಅದನ್ನು ಗಂಡಸಿನಿಂದ ಕಡ ತಂದು ಕೊಡುತ್ತದೆ. ಇತ್ತ ಹಿಂದೆಗೆದ ಗಂಡಸಿಗೆ 'ಬಳೆ ತೊಟ್ಟುಕೊ' ಎಂಬ ಮೂದಲೆ ಸಿದ್ಧವಾಗಿಯೇ ಇರುತ್ತದೆ.

ಹೀಗೆ ಧೈರ್ಯವೆಲ್ಲ ಗಂಡಿನ ಪಾಲಿಗೆ, ಮೃದುತ್ವವೆಲ್ಲ ಹೆಣ್ಣಿನ ಪಾಲಿಗೆ ಎಂದು ಹಂಚಿಕೊಟ್ಟವರಾರು? ಇದು ಪ್ರಕೃತಿಯ ಕಟ್ಟಳೆಯೇ, ಇಲ್ಲವೆ ಮನುಷ್ಯರ ಕಟ್ಟಳೆಯೇ? ಈ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸುವುದು ಕಷ್ಟ. ಇತಿಹಾಸವಾದರೋ ಇದಕ್ಕೆ ಸ್ಪಷ್ಟವಾದೊಂದು ದೃಷ್ಟಾಂತವನ್ನು ಒದಗಿಸುತ್ತದೆ. ಆಂಗ್ಲರ ಆಳ್ವಿಕೆಯ ಭಾರತದಲ್ಲಿ ಕೋಟ್ಯಂತರ ಜನರಿಗೆ 'ಇವರು ಗಂಡಸರು, ಇವರು ಗಂಡಸರಲ್ಲ' ಎಂಬ ಮುದ್ರೆಯನ್ನು ಸರಕಾರವೇ ಒತ್ತಿತು. ಆ ಮುದ್ರೆಯನ್ನು ಒತ್ತಿದ ಬಗೆಯನ್ನೂ, ಅದನ್ನು ನಮ್ಮವರು ಎದುರಿಸಿದ ಬೇರೆ ಬೇರೆ ಬಗೆಗಳನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

1834ರಿಂದ 1838ರ ವರೆಗೆ ಕಲಕತ್ತೆಯಲ್ಲಿ ಗವರ್ನರ್ ಜನರಲ್ಲನ ಮಂಡಲಿಯ ಕಾನೂನು ಸದಸ್ಯನಾಗಿದ್ದ ಮೆಕಾಲೆಯ ಹೆಸರು ನಮ್ಮಲ್ಲಿ ಇಂಗ್ಲಿಷ್ ಶಿಕ್ಷಣದ ಸಂಬಂಧವಾಗಿ ಪ್ರಸಿದ್ಧ. ಆತನು ಸ್ವದೇಶಕ್ಕೆ ಮರಳಿದ ಬಳಿಕ, 1841ರಲ್ಲಿ, ವಾರನ್ ಹೇಸ್ಟಿಂಗ್ಸನನ್ನು ಕುರಿತು ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದನು. ಬಂಗಾಳಿಗಳು ಬಿಸಿಯಾವಿಯಂಥ ಹವೆಯಲ್ಲಿ ಬಾಳುವವರು, ಕೋಮಲಾಂಗರು, ಕುಳಿತು ಮಾಡುವ ಕೆಲಸಕ್ಕೆ ಮಾತ್ರ ತಕ್ಕವರು, ಹೆಂಗಸರ ಸ್ವಭಾವದವರು ಎಂದು ಅದರಲ್ಲಿ ಚಿತ್ರಿಸಿದನು. ಪ್ರಬಂಧ ಬಹು ಜನಪ್ರಿಯವಾಯಿತು. ಮುಂದೆ ಎಷ್ಟೋ ತಲೆಮಾರುಗಳ ಆಂಗ್ಲ ಅಧಿಕಾರಿಗಳು ಅದೇ ಕನ್ನಡಕವನ್ನು ತೊಟ್ಟು ಬಂಗಾಳದಲ್ಲಿ ಬಂದಿಳಿದರು. ಇಲ್ಲಿರುವ ವಿಡಂಬನೆಯನ್ನು ಗಮನಿಸಬೇಕು. ಕಂಪನಿಯ ಕಚೇರಿಗಳಿಗೆ ಲೆಕ್ಕ ಬರೆಯುವ ಗುಮಾಸ್ತರು ಬೇಕಾಗಿದ್ದರು. ಬಂಗಾಳದ ವಿದ್ಯಾವಂತರು ಆ ಕೆಲಸಕ್ಕೆ ಒದಗಿದರು. ಒದಗಿದ ಮೇಲೆ, ಮೇಜಿನ ಮುಂದೆ ಕುಳಿತು ಬರೆಯುವುದೇ ಅವರ ನಪುಂಸಕತ್ವದ ಗುರುತಾಯಿತು.

ಆದರೂ ಈವರೆಗಿನದು ಒಬ್ಬ ಪ್ರಬಂಧಕಾರನ ಲೇಖನಿಯ ವಿಲಾಸ. ಅದು ರಾಜ್ಯನೀತಿಯಾದದ್ದು 1857ರ ನಂತರ. ಅಲ್ಲಿಯ ವರೆಗೆ ಕಂಪನಿಯ ಬಂಗಾಳ ಸೇನೆಯಲ್ಲಿ ಹೆಚ್ಚಾಗಿ ಇದ್ದವರು ಅವಧ್ ಮತ್ತು ಬಿಹಾರ ಪ್ರಾಂತಗಳ ಬ್ರಾಹ್ಮಣ, ರಜಪೂತ ರೈತಾಪಿ ಕುಟುಂಬಗಳ ಎತ್ತರದ ಆಳುಗಳು. ಅವರನ್ನು ಮೀರಿದ ಸಿಪಾಯಿಗಳಿಲ್ಲವೆಂದು ಕಂಪನಿಯ ಅಧಿಕಾರಿಗಳು ಕೊಂಡಾಡುತ್ತಿದ್ದರು. 1857ರಲ್ಲಿ ಅದೇ ಸಿಪಾಯಿಗಳು ಬಂಡೆದ್ದರು. ಪಂಜಾಬಿನ ಸಿಖ್ಖರನ್ನು ಆಂಗ್ಲರು ಸೋಲಿಸಿದ್ದು 1849ರಲ್ಲಿ. ಎಂಟು ವರ್ಷಗಳ ನಂತರ, ದಂಗೆಯನ್ನು ಅಡಗಿಸಲು ಆಂಗ್ಲರಿಗೆ ನೆರವಾದವರಲ್ಲಿ ಪಂಜಾಬಿಗಳೂ ಗೂರ್ಖರೂ ಮುಖ್ಯರು. ಇದಾದ ಕೆಲವು ದಶಕಗಳೊಳಗೆ 'ಯೋಧಜನಾಂಗಗಳು' ಎಂಬೊಂದು ಸಿದ್ಧಾಂತವೇ ಸಿದ್ಧವಾಯಿತು. ಸಿಖ್ಖ, ಗೂರ್ಖ, ಪಠಾಣ, ಡೋಗ್ರ, ಗಢವಾಲಿಗಳು ಹುಟ್ಟಿನಿಂದಲೇ ಶೂರರು. ಉಳಿದವರು ಹುಟ್ಟಿನಿಂದಲೇ ಯುದ್ಧಕ್ಕೆ ಅಯೋಗ್ಯರು ಎಂಬುದು ಅದರ ಸಾರ. ನಿನ್ನೆಯವರೆಗೆ ವೀರರಾಗಿದ್ದ ಅವಧಿನವರ ವೀರತ್ವ ದಂಗೆಯ ಜೊತೆಗೇ ಇಳಿಮುಖವಾಯಿತೆಂದರೆ, ಅಳತೆಗೋಲು ಯಾರ ಕೈಯಲ್ಲಿತ್ತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದಕ್ಷಿಣದವರಿಗೂ ಈ ಮುದ್ರೆ ತಪ್ಪಲಿಲ್ಲ. ಲಾರ್ಡ್ ರಾಬರ್ಟ್ಸನು 1881ರಿಂದ 1885ರ ವರೆಗೆ ಮದ್ರಾಸಿನಲ್ಲಿಯೂ, ಅನಂತರ 1893ರ ವರೆಗೆ ಇಡೀ ಭಾರತದಲ್ಲಿಯೂ ಸೇನಾಧಿಪತಿಯಾಗಿದ್ದವನು. ದೀರ್ಘಕಾಲದ ಶಾಂತಿಯಿಂದ ದಕ್ಷಿಣದ ಸಿಪಾಯಿಗಳಲ್ಲಿ ಹಿಂದಿನ ಕ್ಷಾತ್ರಗುಣ ನಶಿಸಿಹೋಗಿದೆಯೆಂದು ಆತನು ತೀರ್ಮಾನಿಸಿ, 1897ರಲ್ಲಿ ಪ್ರಕಟವಾದ ತನ್ನ ನೆನಪುಗಳಲ್ಲಿಯೂ ಹಾಗೆಯೇ ಬರೆದನು. ಮದ್ರಾಸು ಸೇನೆಯಲ್ಲಿ ದಕ್ಷಿಣದವರ ನೇಮಕ ಕ್ರಮೇಣ ತಗ್ಗಿತು. ಮೊದಲನೆಯ ಮಹಾಯುದ್ಧ ಆರಂಭವಾಗುವ ವೇಳೆಗೆ ಭಾರತೀಯ ಸೇನೆಯ ಹೆಚ್ಚುಕಡಿಮೆ ಅರ್ಧ ಭಾಗ ಪಂಜಾಬಿನಿಂದಲೇ ಬರುತ್ತಿತ್ತು. ಆದರೆ ಇದೇ ದಕ್ಷಿಣದಲ್ಲಿ, 1780ರ ಸೆಪ್ಟೆಂಬರಿನಲ್ಲಿ, ಪೊಳ್ಳಿಲೂರಿನ ಬಯಲಿನಲ್ಲಿ ಮೈಸೂರಿನ ಸೇನೆ ಆಂಗ್ಲರಿಗೆ ಉಣಿಸಿದ ಸೋಲನ್ನು ಅವರ ಇತಿಹಾಸಕಾರರೇ ಮರೆಯಲಾರರು. ಮುಂದೆ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಈಟಿಗಳನ್ನು ಹಿಡಿದು ಗೆದ್ದುಕೊಂಡ ಅಶ್ವದಳಗಳಲ್ಲಿ ಜೋಧಪುರದ ಜೊತೆಗೆ ಮೈಸೂರು ಸಂಸ್ಥಾನದ್ದೂ ಒಂದು. ಗುಣವು ಮಣ್ಣಿನಲ್ಲಿಯೂ ರಕ್ತದಲ್ಲಿಯೂ ಇದ್ದಿದ್ದರೆ ಅದು ಹೀಗೆ ಒಮ್ಮೆ ಬಂದು, ಒಮ್ಮೆ ಹೋಗಿ, ಮತ್ತೊಮ್ಮೆ ಬರುತ್ತಿರಲಿಲ್ಲ.

ಸೈನ್ಯದಲ್ಲಿ ಹುಟ್ಟಿದ ಈ ಭೇದ ನ್ಯಾಯಾಲಯಕ್ಕೂ ಪ್ರವೇಶಿಸಿತು. ಕಲಕತ್ತೆಯಂಥ ಮುಖ್ಯ ಪಟ್ಟಣಗಳಲ್ಲಿ ಭಾರತೀಯ ಮ್ಯಾಜಿಸ್ಟ್ರೇಟರು ಯೂರೋಪಿಯನ್ ಆಪಾದಿತರನ್ನು ವಿಚಾರಿಸಬಹುದಾಗಿತ್ತು; ಜಿಲ್ಲೆಗಳಲ್ಲಿ ಆ ಅಧಿಕಾರ ಅವರಿಗಿರಲಿಲ್ಲ. ಈ ಅಸಂಬದ್ಧತೆಯನ್ನು 1882ರಲ್ಲಿ ಬಿಹಾರಿಲಾಲ್ ಗುಪ್ತ ಎಂಬ ಭಾರತೀಯ ಅಧಿಕಾರಿ ಸರಕಾರದ ಗಮನಕ್ಕೆ ತಂದರು. ಲಾರ್ಡ್ ರಿಪನ್ನನ ಕಾಲದಲ್ಲಿ, 1883ರಲ್ಲಿ, ಕಾನೂನು ಸದಸ್ಯ ಇಲ್ಬರ್ಟನು ಇದನ್ನು ಸರಿಪಡಿಸುವ ಮಸೂದೆಯನ್ನು ಮಂಡಿಸಿದೊಡನೆ ಯೂರೋಪಿಯನ್ನರ ಕೋಪ ಭುಗಿಲೆದ್ದಿತು. ಅವರು ಮುಂದಿಟ್ಟ ವಾದ ಇದು: ತಮ್ಮ ಹೆಂಡಿರು ಮಕ್ಕಳನ್ನು ಅಂತಃಪುರದಲ್ಲಿ ಕೂಡಿಹಾಕಿರುವ, ಸ್ವತಃ ಹೆಂಗಸರಂತಿರುವ ಬಾಬುಗಳು ಆಂಗ್ಲ ಮಹಿಳೆಯರ ಮೇಲೆ ತೀರ್ಪು ಕೊಡುವುದೆಂದರೇನು? ಹುಡುಗಿಯರಿಗೆ ವಿದ್ಯೆ ಕೊಡಬೇಕೆಂದು 1872ರಲ್ಲಿ ಕಲಕತ್ತೆಗೆ ಬಂದು, ಮರುವರ್ಷ ಒಂದು ಶಾಲೆಯನ್ನು ತೆರೆದಿದ್ದ ಆನೆಟ್ ಬೆವರಿಜ್ ಎಂಬ ಮಹಿಳೆಯೇ ಮಸೂದೆಗೆ ವಿರುದ್ಧವಾಗಿ ಪತ್ರಿಕೆಗೆ ಬರೆದಳು. ಆಕೆಯ ಪತಿ, ನ್ಯಾಯಾಧೀಶ ಹೆನ್ರಿ ಬೆವರಿಜ್, ಮಸೂದೆಯ ಪರವಾಗಿದ್ದನು. ಒಂದೇ ಮನೆಯಲ್ಲಿ ಎರಡು ಅಭಿಪ್ರಾಯಗಳು! ಕಡೆಗೆ 1884ರ ಜನವರಿಯಲ್ಲಿ ಮಸೂದೆಯು ತನ್ನ ಸತ್ತ್ವವನ್ನೆಲ್ಲ ಕಳೆದುಕೊಂಡು ಅಂಗೀಕೃತವಾಯಿತು: ಯೂರೋಪಿಯನ್ ಆಪಾದಿತನು ಅರ್ಧದಷ್ಟಾದರೂ ಯೂರೋಪಿಯನ್ನರೋ ಅಮೆರಿಕನ್ನರೋ ಇರುವ ಪಂಚಾಯಿತರನ್ನು ಕೇಳಿ ಪಡೆಯಬಹುದೆಂದಾಯಿತು.

ಭಾರತೀಯ ಸ್ತ್ರೀಯ ಅಜ್ಞಾನವನ್ನು ಎತ್ತಿ ತೋರಿಸಿ ಭಾರತೀಯ ಪುರುಷನನ್ನು ಅನರ್ಹನೆಂದ ಅದೇ 1883ರಲ್ಲಿ ಕಾದಂಬಿನಿ ಬಸು ಮತ್ತು ಚಂದ್ರಮುಖಿ ಬಸು ಎಂಬಿಬ್ಬರು ತರುಣಿಯರು ಕಲಕತ್ತಾ ವಿಶ್ವವಿದ್ಯಾನಿಲಯದ ಬಿ.ಎ. ಪದವಿಯನ್ನು ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪೂರ್ಣ ಪದವಿ ಕೊಡಲು ಒಪ್ಪಿದ್ದು 1948ರಲ್ಲಿ. ಸ್ತ್ರೀಯರ ಮೇಲಣ ಕನಿಕರವೇ ಆ ವಾದದ ಮೂಲವಾಗಿದ್ದರೆ ಅದು ಮೊದಲು ತಮ್ಮ ಊರಿನಲ್ಲಿ ಕಾಣಿಸಿಕೊಳ್ಳಬೇಕಾಗಿತ್ತು.

ಈಗ ನಮ್ಮವರ ಪ್ರತಿಕ್ರಿಯೆಯತ್ತ ತಿರುಗೋಣ. ಅವಮಾನಿತನಾದ ಮನುಷ್ಯನ ಮುಂದೆ ಎರಡು ದಾರಿಗಳಿರುತ್ತವೆ. ಎದುರಾಳಿಯ ಅಳತೆಗೋಲನ್ನು ಒಪ್ಪಿಕೊಂಡು ಅದರಲ್ಲಿ ತಾನೂ ಗೆಲ್ಲಲು ಯತ್ನಿಸುವುದು ಒಂದು. ಅಳತೆಗೋಲನ್ನೇ ಪ್ರಶ್ನಿಸುವುದು ಇನ್ನೊಂದು.

ಮೊದಲ ದಾರಿಯನ್ನು ಹಿಡಿದವರು ಅನೇಕರು. 1867ರಲ್ಲಿ ನವಗೋಪಾಲ ಮಿತ್ರರು ಆರಂಭಿಸಿದ ಹಿಂದೂ ಮೇಳದಲ್ಲಿ ಅಂಗಸಾಧನೆಗೆ ವಿಶೇಷ ಪ್ರೋತ್ಸಾಹ ದೊರೆಯಿತು. ಬಂಗಾಳದ ಊರೂರುಗಳಲ್ಲಿ ಗರಡಿಮನೆಗಳೆದ್ದವು. ಸ್ವಾಮಿ ವಿವೇಕಾನಂದರು 1897ರಲ್ಲಿ ವಿದೇಶದಿಂದ ಮರಳಿ ಮದ್ರಾಸಿನಲ್ಲಿ ಉಪನ್ಯಾಸ ಮಾಡಿದಾಗ, ದುರ್ಬಲ ದೇಹದಿಂದ ಶಾಸ್ತ್ರ ಓದುವುದಕ್ಕಿಂತ ಮೊದಲು ಮೈಕೈ ಗಟ್ಟಿ ಮಾಡಿಕೊಳ್ಳಿರೆಂದು ತರುಣರನ್ನು ಎಚ್ಚರಿಸಿದರು. ಅವರ ಮನಸ್ಸಿನಲ್ಲಿದ್ದ ಬಲವು ಹಸಿದವನ, ರೋಗಿಯ ಸೇವೆಗೆ ಬೇಕಾದ ಬಲವೇ ಹೊರತು ಅನ್ಯರನ್ನು ತುಳಿಯುವ ಬಲವಲ್ಲ. ಆದರೆ ಉಪದೇಶವನ್ನು ಕೇಳಿದವರೆಲ್ಲ ಅದರ ಉತ್ತರಾರ್ಧವನ್ನೂ ಕೇಳಿಸಿಕೊಂಡರೆಂದು ಹೇಳಲಾಗದು.

ಈ ಸಂದರ್ಭದಲ್ಲಿ ಸರಳಾದೇವಿ ಚೌಧುರಾಣಿಯವರನ್ನು ನೆನೆಯುವುದು ಉಚಿತ. ರವೀಂದ್ರನಾಥ ಠಾಕೂರರ ಸೋದರಿ ಸ್ವರ್ಣಕುಮಾರೀದೇವಿಯವರ ಮಗಳಾದ ಈಕೆ, ಗಂಡುಮಕ್ಕಳಂತೆ ತಾನೂ ಸ್ವತಂತ್ರವಾಗಿ ದುಡಿಯಬೇಕೆಂಬ ಹಟದಿಂದ 1895ರ ಸುಮಾರಿಗೆ ನಮ್ಮ ಮೈಸೂರಿಗೆ ಬಂದು, ಮಹಾರಾಣಿಯವರ ಬಾಲಿಕಾ ಪಾಠಶಾಲೆಯಲ್ಲಿ ಕೆಲಸಮಾಡಿದರು. ಇಲ್ಲಿ ಅವರು ಕಲಿತುಕೊಂಡು ಹೋದ ಸಂಗೀತದ ಮಟ್ಟುಗಳು ರವೀಂದ್ರರ ಕೆಲವು ಗೀತಗಳಿಗೆ ಆಧಾರವಾದವು. ಬಂಗಾಳಕ್ಕೆ ಮರಳಿದ ಬಳಿಕ ತರುಣರಿಗೆ ದೊಣ್ಣೆವರಸೆ, ಕತ್ತಿವರಸೆಗಳನ್ನು ಕಲಿಸುವ ಗರಡಿಯನ್ನು ಅವರು ನಡೆಸಿದರು. 1903ರಲ್ಲಿ ಪ್ರತಾಪಾದಿತ್ಯನ ಹೆಸರಿನಲ್ಲಿ ವೀರೋತ್ಸವವನ್ನು ಏರ್ಪಡಿಸಿದರು. ಒಬ್ಬ ಸ್ತ್ರೀಯೇ ಗಂಡಸರಿಗೆ ಗಂಡಸುತನವನ್ನು ಕಲಿಸಲು ಮುಂದಾದಳೆಂಬುದು ವಿಚಿತ್ರವೆನಿಸಬಹುದು. ಆದರೆ ಆ ಗುಣ ಗಂಡಸಿಗೆ ಹುಟ್ಟಿನಿಂದ ಬಂದದ್ದಲ್ಲ, ಯಾರು ಬೇಕಾದರೂ ಕಲಿಯಬಹುದಾದ, ಕಲಿಸಬಹುದಾದ ವಿದ್ಯೆ ಎಂಬುದಕ್ಕೆ ಇದಕ್ಕಿಂತ ಪ್ರಬಲ ಸಾಕ್ಷ್ಯ ಬೇಕೆ? ಮೊದಲ ಮಹಾಯುದ್ಧದ ಒತ್ತಡದಲ್ಲಿ ಸರಕಾರವೂ ತನ್ನ ಸಿದ್ಧಾಂತವನ್ನು ಬದಿಗಿಟ್ಟು, 1917ರಲ್ಲಿ ಬಂಗಾಳಿಗಳದೇ ಒಂದು ದಂಡನ್ನು ಕಟ್ಟಿತು. ಮುಂದೆ ಮಹಾಕವಿಯೆನಿಸಿದ ಕಾಜಿ ನಜರುಲ್ ಇಸ್ಲಾಮ್ ಅದರಲ್ಲಿ ಸೈನಿಕರಾಗಿದ್ದರು.

ಈ ದಾರಿಗೆ ಒಂದು ಅಪಾಯವಿತ್ತು. ಹೊರಗೆ ಅವಮಾನಗೊಂಡ ಗಂಡಸು ಮನೆಯೊಳಗೆ ತನ್ನ ಯಜಮಾನಿಕೆಯನ್ನು ಬಿಗಿಗೊಳಿಸುತ್ತಾನೆ. 1890ರಲ್ಲಿ ಕಲಕತ್ತೆಯಲ್ಲಿ ಹತ್ತು ಹನ್ನೊಂದು ವರ್ಷದ ಬಾಲವಧುವೊಬ್ಬಳು ವಯಸ್ಕ ಪತಿಯ ಬಲಾತ್ಕಾರದಿಂದ ಸತ್ತಳು. ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾಯಿದೆ 1891ರಲ್ಲಿ ಬಂದಾಗ ಬಂಗಾಳದಲ್ಲಿ ದೊಡ್ಡ ಪ್ರತಿಭಟನೆಗಳಾದವು. ರಾಜ್ಯವನ್ನು ಕಳೆದುಕೊಂಡೆವು, ಮನೆಯೊಂದಾದರೂ ನಮ್ಮ ಆಳ್ವಿಕೆಯಲ್ಲಿರಲಿ ಎಂಬುದೇ ಆ ಕೂಗಿನ ಅಂತರಾರ್ಥ. ಪೌರುಷದ ಚರ್ಚೆಯಲ್ಲಿ ಇಬ್ಬರು ಗಂಡಸರು ಹಣಾಹಣಿಯಾದಾಗ ಬೆಲೆ ತೆತ್ತವಳು ಮಾತನಾಡಲಾರದ ಒಂದು ಮಗು.

ಸೋದರ ಸೊಸೆಯ ವೀರೋತ್ಸವಗಳನ್ನು ಕಂಡಿದ್ದ ರವೀಂದ್ರರು ಬೇರೆ ಬಗೆಯಾಗಿ ಯೋಚಿಸಿದರು. 1916ರ 'ಘರೇ ಬಾಯಿರೇ' ಕಾದಂಬರಿಯಲ್ಲಿ ಅವರು ಇಬ್ಬರು ಪುರುಷರನ್ನು ಎದುರುಬದುರಾಗಿ ನಿಲ್ಲಿಸಿದರು. ಸಂದೀಪ ವಾಗ್ಮಿ, ಬೇಕಾದುದನ್ನು ಕಿತ್ತುಕೊಳ್ಳುವುದೇ ಪೌರುಷವೆಂದು ನಂಬಿದವನು. ನಿಖಿಲ ಮೃದು, ಹೆಂಡತಿಯ ಮನಸ್ಸನ್ನೂ ಬಲವಂತದಿಂದ ಹಿಡಿಯಲೊಲ್ಲದವನು. ಊರಿನಲ್ಲಿ ದಂಗೆ ಹೊತ್ತಿದಾಗ ಸಂದೀಪ ಊರು ಬಿಟ್ಟು ಓಡುತ್ತಾನೆ. ಆಯುಧವಿಲ್ಲದೆ ಕುದುರೆಯೇರಿ ದಂಗೆಯ ನಡುವೆ ನುಗ್ಗುವವನು ನಿಖಿಲ. ಯಾರು ಗಂಡಸು ಎಂಬ ಪ್ರಶ್ನೆಯನ್ನು ಕವಿಗಳು ವಾಚಕರಿಗೇ ಬಿಟ್ಟಿದ್ದಾರೆ.

ಕಾದಂಬರಿಯಲ್ಲಿ ಕಂಡದ್ದನ್ನು ಬೀದಿಯಲ್ಲಿ ತೋರಿಸಿದವರು ಮಹಾತ್ಮಾ ಗಾಂಧಿಯವರು. ಅವರೂ ಬಾಲ್ಯದಲ್ಲಿ ಹಳೆಯ ಅಳತೆಗೋಲಿಗೇ ಮರುಳಾಗಿದ್ದವರು. ಮಾಂಸ ತಿನ್ನುವುದರಿಂದಲೇ ಆಂಗ್ಲರು ಬಲಿಷ್ಠರಾಗಿ ನಮ್ಮನ್ನಾಳುತ್ತಿದ್ದಾರೆಂಬ ಗೆಳೆಯನ ಮಾತನ್ನು ನಂಬಿ, ತಂದೆತಾಯಿಗಳಿಗೆ ತಿಳಿಯದಂತೆ ಮಾಂಸ ತಿಂದದ್ದನ್ನು ಆತ್ಮಕಥೆಯಲ್ಲಿ ಅವರು ಮುಚ್ಚಿಟ್ಟಿಲ್ಲ. 1909ರಲ್ಲಿ 'ಹಿಂದ್ ಸ್ವರಾಜ್' ಬರೆಯುವ ವೇಳೆಗೆ ಅವರ ಪ್ರಶ್ನೆಯೇ ಬದಲಾಗಿತ್ತು: ತೋಪಿನ ಹಿಂದೆ ನಿಂತು ಸುಡುವವನಿಗೆ ಹೆಚ್ಚು ಧೈರ್ಯ ಬೇಕೋ, ನಗುಮುಖದಿಂದ ತೋಪಿನ ಬಾಯಿಯೆದುರು ನಡೆದುಬರುವವನಿಗೆ ಬೇಕೋ? ಈ ಧೈರ್ಯಕ್ಕೆ ಭುಜಬಲ ಬೇಡ. ಆದ್ದರಿಂದ ಅದು ಮುದುಕರಿಗೂ ಮಕ್ಕಳಿಗೂ ಹೆಂಗಸರಿಗೂ ಎಟುಕುವಂಥದು.

1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ 78 ಸತ್ಯಾಗ್ರಹಿಗಳಲ್ಲಿ ಕರ್ನಾಟಕದಿಂದ ಹೋದ ಏಕೈಕ ತರುಣ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಎದೆಯೊಡ್ಡಿ ಹುತಾತ್ಮರಾದ ಅವರ ಹೆಸರನ್ನು ಅರಿಯದ ಕನ್ನಡಿಗರಿಲ್ಲ. ಅವರ ಪತ್ನಿ ಸಿದ್ದಮ್ಮನವರೂ ಸಾಬರಮತಿ ಆಶ್ರಮದಲ್ಲಿದ್ದವರು, ಚಳವಳಿಯಲ್ಲಿ ಸೆರೆಮನೆ ಕಂಡವರು. ಆದರೆ ಇಲ್ಲಿಯೂ ಒಂದು ಕೊರತೆಯಿತ್ತು. ದಂಡಿಯಾತ್ರೆಗೆ ಗಾಂಧೀಜಿಯವರು ಆರಿಸಿಕೊಂಡವರೆಲ್ಲ ಗಂಡಸರು. ಸ್ತ್ರೀಯರಿಗೆ ಮದ್ಯದಂಗಡಿಗಳ ಮುಂದೆ ಪಿಕೆಟಿಂಗ್ ಮಾಡುವ ಕೆಲಸವೂ, ನೂಲುವ ಕೆಲಸವೂ ಹೆಚ್ಚು ಒಪ್ಪುವುದೆಂದು ಅವರ ಭಾವನೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಇದನ್ನೊಪ್ಪದೆ ಅವರೊಡನೆ ವಾದಿಸಿ, ಉಪ್ಪಿನ ಸತ್ಯಾಗ್ರಹದ ಬಾಗಿಲನ್ನು ಸ್ತ್ರೀಯರಿಗೂ ತೆರೆಸಿದರು. ಸ್ವತಃ ಮುಂಬಯಿಯಲ್ಲಿ ಉಪ್ಪು ತಯಾರಿಸಿ, ಮಾರಿ, ಸೆರೆಮನೆಗೆ ಹೋದರು. ಮೇ 21ರಂದು ಧರಾಸನದಲ್ಲಿ ಲಾಠಿಯೇಟಿಗೆ ಕೈಯನ್ನೂ ಅಡ್ಡ ಹಿಡಿಯದೆ ಸಾಲುಸಾಲಾಗಿ ನಡೆದುಹೋದ ಗಂಡಸರ ಮುಂದಾಳು ಸರೋಜಿನಿ ನಾಯಿಡು. ಅಳತೆಗೋಲನ್ನು ಬದಲಿಸಿದ ಮಹಾತ್ಮರಿಗೂ ಅದರ ಹಳೆಯ ಗೆರೆಗಳು ಕೆಲವು ಉಳಿದಿದ್ದವು. ಅವನ್ನು ಒರೆಸಿದವರು ಸ್ತ್ರೀಯರೇ.

ಯೋಧಜನಾಂಗದ ಸಿದ್ಧಾಂತಕ್ಕೆ ತೀರ ಕಠಿಣವಾದ ಉತ್ತರ ಬಂದದ್ದು ಆ ಜನಾಂಗಗಳಿಂದಲೇ. 1929ರಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರು ಕಟ್ಟಿದ 'ಖುದಾಯಿ ಖಿದ್ಮತ್‌ಗಾರ್' ಸಂಘದ ಪಠಾಣರು, ಹುಟ್ಟಿನಿಂದಲೇ ಹಗೆಗಾರರೆಂದು ಸರಕಾರ ಬಣ್ಣಿಸಿದ್ದವರು, ಪ್ರತಿಯೇಟು ಕೊಡುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದರು. 1930ರ ಏಪ್ರಿಲ್ 23ರಂದು ಪೇಶಾವರದ ಕಿಸ್ಸಾಖ್ವಾನಿ ಬಜಾರಿನಲ್ಲಿ ನೆರೆದ ನಿರಾಯುಧ ಜನರ ಮೇಲೆ ಗುಂಡಿನ ಮಳೆ ಸುರಿದಾಗ ಅವರು ಕದಲಲಿಲ್ಲ. ಅಲ್ಲಿಗೆ ಕರೆತಂದ ಗಢವಾಲ್ ದಂಡಿನ ಸೈನಿಕರು, ಚಂದ್ರಸಿಂಗ್ ಗಢವಾಲಿಯವರ ಮುಂದಾಳುತನದಲ್ಲಿ, ನಿರಾಯುಧರ ಮೇಲೆ ಗುಂಡು ಹಾರಿಸಲೊಲ್ಲೆವೆಂದು ನಿರಾಕರಿಸಿ ದೀರ್ಘ ಸೆರೆವಾಸವನ್ನು ಅನುಭವಿಸಿದರು. ಹೊಡೆಯಬಲ್ಲ ಪಠಾಣ ಹೊಡೆಯಲಿಲ್ಲ. ಸುಡಬಲ್ಲ ಗಢವಾಲಿ ಸುಡಲಿಲ್ಲ. ಅಂದು ಆ ಬೀದಿಯಲ್ಲಿ ಪೌರುಷ ಯಾರಲ್ಲಿತ್ತು? ಬಂದೂಕದ ಕುದುರೆಯನ್ನು ಎಳೆದವರಲ್ಲಿ ಇತ್ತೆಂದು ಹೇಳಲು ಇಂದು ಯಾರ ನಾಲಗೆಯೂ ಏಳದು.

ಇವೆಲ್ಲ ಮುಗಿದುಹೋದ ಕಥೆಗಳೆಂದು ಭಾವಿಸಬಾರದು. ಸ್ವತಂತ್ರ ಭಾರತದ ಸೇನೆಯ ವಿವಿಧ ವಿಭಾಗಗಳಿಗೆ ಸ್ತ್ರೀಯರನ್ನು ಅಧಿಕಾರಿಗಳಾಗಿ ಸೇರಿಸಿಕೊಳ್ಳಲು ಆರಂಭವಾದದ್ದು 1992ರಲ್ಲಿ. ಅವರಿಗೆ ಕಾಯಂ ಹುದ್ದೆ ಕೊಡುವ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ, ನಮ್ಮ ಸೈನಿಕರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದವರು, ಸ್ತ್ರೀಯ ಆಜ್ಞೆಯನ್ನು ಒಪ್ಪಿಕೊಳ್ಳಲು ಅವರ ಮನಸ್ಸು ಇನ್ನೂ ಸಿದ್ಧವಾಗಿಲ್ಲ ಎಂಬ ವಾದವೂ ಹೂಡಲ್ಪಟ್ಟಿತು. ನ್ಯಾಯಾಲಯವು 2020ರ ಫೆಬ್ರವರಿ 17ರ ತೀರ್ಪಿನಲ್ಲಿ ಅದನ್ನು ತಳ್ಳಿಹಾಕಿತು. 2025ರ ಮೇ ತಿಂಗಳಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಹದಿನೇಳು ತರುಣಿಯರ ಮೊದಲ ತಂಡ ತೇರ್ಗಡೆಯಾಗಿ ಹೊರಬಂದಿತು. 'ಇವರ ತೀರ್ಪನ್ನು ನಾವು ಒಪ್ಪೆವು' ಎಂಬ 1883ರ ಕೂಗಿಗೂ, 'ಇವರ ಆಜ್ಞೆಯನ್ನು ಅವರು ಒಪ್ಪರು' ಎಂಬ ಈ ವಾದಕ್ಕೂ ಎಷ್ಟು ಅಂತರ? ಹಳ್ಳಿಯವರ ಹೆಸರಿನಲ್ಲಿ ಈ ಮಾತನ್ನಾಡಿದವರು ಹಳ್ಳಿಗರನ್ನು ಕೇಳಿದ್ದರೇ? ಚೆನ್ನಮ್ಮ ರಾಣಿಯ ಆಜ್ಞೆಯಂತೆ ಕಿತ್ತೂರಿನಲ್ಲಿ ಕಾದಿದ ಬಂಟರೆಲ್ಲ ಹಳ್ಳಿಗರೇ ಆಗಿದ್ದರು.

ಈ ವಿಚಾರದಲ್ಲಿ ಶರಣರ ಪರಂಪರೆಗೆ ತನ್ನದೇ ಆದ ನಿಲುವುಂಟು. ಆತ್ಮಕ್ಕೆ ಗಂಡುಹೆಣ್ಣೆಂಬ ಭೇದವಿಲ್ಲವೆಂಬುದನ್ನು ಹನ್ನೆರಡನೆಯ ಶತಮಾನದ ಆಸುಪಾಸಿನಲ್ಲಿಯೇ ದೇವರ ದಾಸಿಮಯ್ಯ, ಗೊಗ್ಗವ್ವೆ ಮೊದಲಾದವರು ಎತ್ತಿ ಹೇಳಿದರು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳು. ಆತನು ಹೋಗಿ ಸುರಿದು ಬಂದನು. ಹೆಂಡತಿಯ ಮಾತಿಗೆ ತಲೆಬಾಗಿದ್ದರಿಂದ ಮಾರಯ್ಯನ ಪೌರುಷ ಕುಂದಿತೆಂದು ಯಾವ ಶರಣನೂ ಹೇಳಲಿಲ್ಲ.

ಮಠದ ಪ್ರಸಾದನಿಲಯಗಳಲ್ಲಿ ಬೆಳೆದವರಿಗೆ ಇದು ಪುಸ್ತಕದ ಮಾತಲ್ಲ. ಅಲ್ಲಿ ಕಸ ಗುಡಿಸುವವರು ಹುಡುಗರೇ, ಪಾತ್ರೆ ಬೆಳಗುವವರು ಹುಡುಗರೇ, ಪಂಕ್ತಿಗೆ ಬಡಿಸುವವರೂ ಹುಡುಗರೇ. ಇದು ಹೆಂಗಸರ ಕೆಲಸವೆಂದು ಅಲ್ಲಿ ಯಾರೂ ಹಂಗಿಸುವುದಿಲ್ಲ. ಅದು ದಾಸೋಹ, ಅದು ಕಾಯಕ. ಅದೇ ಹುಡುಗ ಓದು ಮುಗಿಸಿ, ನೌಕರಿ ಹಿಡಿದು, ಗೃಹಸ್ಥನಾದ ಮೇಲೆ ಉಂಡ ತಟ್ಟೆಯನ್ನು ಎತ್ತಿಡಲೂ ನಾಚುವುದೇಕೆ? ಕಣ್ಣೀರು ಬಂದ ಮಗನನ್ನು 'ಹೆಣ್ಣಿನಂತೆ ಅಳಬೇಡ' ಎಂದು ಗದರುವುದೇಕೆ? ಮಗಳ ಧೈರ್ಯವನ್ನು ಕಂಡು 'ಗಂಡಾಗಿ ಹುಟ್ಟಬೇಕಾಗಿತ್ತು' ಎಂದು ನಿಟ್ಟುಸಿರಿಡುವುದೇಕೆ? ಮೆಕಾಲೆಯೂ ರಾಬರ್ಟ್ಸನೂ ಬಿಟ್ಟುಹೋದ ಅಳತೆಗೋಲು ನಮ್ಮ ನಮ್ಮ ಮನೆಯ ಮೂಲೆಯಲ್ಲಿ ಇನ್ನೂ ನಿಂತಿದೆಯೆಂದೇ ಇದರ ಅರ್ಥ. ಅದನ್ನು ಮುರಿಯಲು ಚಳವಳಿ ಬೇಕಾಗಿಲ್ಲ. ಪ್ರಸಾದನಿಲಯದಲ್ಲಿ ಹತ್ತು ವರ್ಷ ಮಾಡಿದ ಕಾಯಕವನ್ನು ಮನೆಯ ಹೊಸ್ತಿಲಿನಾಚೆಗೂ ಮುಂದುವರಿಸಿದರೆ ಸಾಕು.